ಮುತ್ಯಾನ ಚಾಳೀಸಿನ ಹರಳು

ವೈನಿ,

ಫೋಟೋದ ಪ್ಲೇಟು ತರಲು ಆಳಂದಕ್ಕೆ ಹೊರಟಿದ್ದೇನೆ. ಸಂಜೆ ಬರುತ್ತೇನೆ. ಅಲ್ಲಿಯವರೆಗೆ ಕ್ಯಾಮೆರಾ ಡಬ್ಬಿಯನ್ನು ಅಣ್ಣನ ಕೈಗೆ ಕೊಡಬೇಡಿ. ಮುತ್ಯಾನ ಓದುವ ಚಾಳೀಸಿನಿಂದ ತೆಗೆದು ಅದಕ್ಕೆ ಕೂಡಿಸಿದ ಹರಳನ್ನು ಅವನು ಕಿತ್ತರೆ ನನ್ನ ರಜೆಯ ಕೆಲಸವೆಲ್ಲ ಮಣ್ಣುಪಾಲು.

ಅದು ಗಾಜಲ್ಲ, ಸ್ಫಟಿಕ. ನಾಲಿಗೆಗೆ ತಾಗಿಸಿದರೆ ತಣ್ಣಗಿರುತ್ತದೆ. ಜೇನುನೊಣಕ್ಕೆ ಕಾಣುವ, ನಮಗೆ ಕಾಣದ ಬೆಳಕೊಂದು ಬಿಸಿಲಿನಲ್ಲಿದೆ. ಗಾಜು ಅದನ್ನು ಬಹುಪಾಲು ತಡೆಯುತ್ತದೆ, ಸ್ಫಟಿಕ ಬಿಡುತ್ತದೆ. ಆ ಬೆಳಕಿನಲ್ಲಿ ತೊಗರಿ ಹೂವಿನ ಪಟ ತೆಗೆಯಬೇಕು. ಬೇರೆ ಬೆಳಕು ಒಳಗೆ ಬರಬಾರದೆಂದೇ ಹರಳಿಗೆ ಬೆಳ್ಳಿಯ ತೆಳು ಲೇಪ ಕೊಟ್ಟಿದ್ದೆ. ಮೊನ್ನೆ ನೀವು ಹೊಲಸೆಂದು ಬೂದಿ ಹಚ್ಚಿ ತಿಕ್ಕಿಬಿಟ್ಟಿರಿ. ಮತ್ತೆ ಲೇಪಿಸಿದ್ದೇನೆ. ದಯವಿಟ್ಟು ಮುಟ್ಟಬೇಡಿ.

"ಮುದುಕನ ಕಣ್ಣ ಕಿತ್ಕೊಂಡಿ, ನಾಚ್ಗಿ ಬರಂಗಿಲ್ಲೇನಲೇ?" ಎಂದು ಅಣ್ಣ ಕೇಳಿದ. ಬರುವುದಿಲ್ಲ. ಮುತ್ಯಾ ತಾನೇ ಹರಳು ಬಿಚ್ಚಿ ಕೊಟ್ಟು, "ಹೂವಿನ್ಯಾಗ ಏನೈತಿ ನೋಡಿ ನನಗೂ ಹೇಳಪಾ" ಅಂದಿದ್ದಾನೆ.

ಆದರೆ ಉಳಿದ ಒಂದೇ ಹರಳಿನಲ್ಲಿ ಪುರಾಣದ ಅಕ್ಷರ ಅವನಿಗೆ ಕಾಣುತ್ತಿಲ್ಲ, ಸುಮ್ಮನೆ ಕೂತಿರುತ್ತಾನೆ. ಅಣ್ಣನ ಮಾತಿನಲ್ಲಿ ನಿಜವಿರುವುದು ಅಷ್ಟೇ. ಅದಕ್ಕೆ ಪರಿಹಾರ ನೀವು. ನಾನು ಕಲಿಸಿದ ಅಕ್ಷರವನ್ನು ಒಲೆಯ ಮುಂದೆ ಕದ್ದು ಓದಿದ್ದು ಸಾಕು. ಮಧ್ಯಾಹ್ನ ಅಣ್ಣ ಉಣ್ಣಲು ಕೂತಾಗ ಪುರಾಣ ತೆಗೆದು ಮುತ್ಯಾನಿಗೆ ಜೋರಾಗಿ ಓದಿ ಹೇಳಿ. ಯಾರು ಕಲಿಸಿದರೆಂದು ಅಣ್ಣ ಕೇಳಿದರೆ ನನ್ನ ಹೆಸರು ಹೇಳಿ. ಜಗಳ ಸಂಜೆ ನನ್ನ ಜೊತೆ ಆಡಲಿ.

ನೀವು ಮಾತ್ರ ಅಧ್ಯಾಯ ಮುಗಿಯುವವರೆಗೆ ನಿಲ್ಲಿಸಬೇಡಿ.

ಚಂದ್ರಾಮ