ಎರಡು ಗುರುತಿನ ಕುರಿ, ಎರಡು ಆಟದ ಹುಡುಗಿ

ಜಿಲ್ಲೆಯ ಆಟಗಾರರನ್ನು ಆರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಒಬ್ಬ ಹುಡುಗಿಯನ್ನು ಕಳ್ಳಿ ಎಂದಿರಿ. ಹಾಗೆ ಅಂದದ್ದು ನಿಮಗೇ ಗೊತ್ತಿಲ್ಲ ಎನ್ನುವುದು ನನ್ನ ಎರಡನೆಯ ದೂರು. ಹಿರೇಗುಂಟನೂರು ಕಡೆಯ ಕುರಿಗಾಹಿಗಳ ಹಟ್ಟಿಯಿಂದ ಬಂದ ಮೇಘಶ್ರೀ ನಿಮಗೆ ನೆನಪಿರಬೇಕು. ಒಂಬತ್ತನೇ ತರಗತಿಯ ಹುಡುಗಿ. ಕ್ರಿಕೆಟ್ ತಂಡಕ್ಕೂ ಖೋ ಖೋ ತಂಡಕ್ಕೂ ಆಕೆಯನ್ನು ಆರಿಸಿದ್ದು ನಿಮ್ಮ ಸಮಿತಿಯೇ. ಇವತ್ತು ಆಕೆ ಎರಡರಲ್ಲೂ ಇಲ್ಲ. ಈ ತಿಂಗಳ ಕೊನೆಗೆ ಕ್ರೀಡಾ ವಸತಿ ನಿಲಯದ ಆಯ್ಕೆ ಮುಗಿಯುತ್ತದೆ. ಅಷ್ಟರೊಳಗೆ ನೀವು ಬಾಯಿ ಬಿಡದಿದ್ದರೆ ಆಕೆಯ ಆಟವೂ ಮುಗಿಯುತ್ತದೆ. ಹಾಗಾಗಿ ತಮ್ಮ ಕ್ಷೇಮ ಸಮಾಚಾರ ವಿಚಾರಿಸುವಷ್ಟು ವ್ಯವಧಾನ ನನಗಿಲ್ಲ.

ನಾನು ಆ ಹುಡುಗಿಗೆ ಲೆಕ್ಕ ಕಲಿಸಿದವಳು. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರ ಹುದ್ದೆ ವರ್ಷಗಟ್ಟಲೆ ಖಾಲಿ ಇದ್ದುದರಿಂದ ಸೀಟಿಯೂ ನನ್ನ ಕೊರಳಿಗೇ ಬಿತ್ತು. ಸೀಟಿ ಊದುವುದರ ಹೊರತು ನಾನು ಆಕೆಗೆ ಆಟ ಕಲಿಸಿದ್ದು ಏನೂ ಇಲ್ಲ. ಹೊಳಲ್ಕೆರೆಯಲ್ಲಿ ನಡೆದ ಕ್ರಿಕೆಟ್ ಪಂದ್ಯದಲ್ಲಿ ಒಮ್ಮೆ ಚೆಂಡು ಆಕೆಯ ಬಲಕ್ಕೆ, ಯಾರೂ ಮುಟ್ಟಲಾಗದಷ್ಟು ದೂರದಲ್ಲಿ ಹೋಯಿತು. ಖೋ ಖೋ ಆಟದಲ್ಲಿ ಕಂಬ ಹಿಡಿದು ಮೈ ಚೆಲ್ಲಿ ಎದುರಾಳಿಯನ್ನು ಮುಟ್ಟುತ್ತಾರಲ್ಲ, ಹಾಗೆಯೇ ಚೆಲ್ಲಿಕೊಂಡು ಹಿಡಿದಳು. ಬಿದ್ದಲ್ಲಿಂದಲೇ ಎಸೆದು ಸ್ಟಂಪ್ ಉರುಳಿಸಿದಳು. ಬೇಲಿಯ ಪಕ್ಕ ಕೂತಿದ್ದ ಒಬ್ಬ ಅಜ್ಜ, "ಯಾವೂರ ಹುಡ್ಗಿಲೇ ಅದು, ಗಿಡುಗ ಎರಗ್ದಂಗೆ ಎರಗ್ತಲ್ಲ" ಎಂದ. ಆಮೇಲೆ ಹೊಸದುರ್ಗದ ಖೋ ಖೋ ಪಂದ್ಯದಲ್ಲಿ ಇದೇ ಹುಡುಗಿ ಎದುರಾಳಿ ಯಾವ ಕಡೆ ಹೊರಳುತ್ತಾಳೆಂದು ಮೊದಲೇ ಊಹಿಸಿ ಹಿಡಿಯುತ್ತಿದ್ದಳು. ಕೇಳಿದರೆ, "ಬ್ಯಾಟ್ ಹಿಡ್ದೋರ ಕಾಲು ನೋಡಿ ನೋಡಿ ರೂಢಿ ಆಗೈತೆ ಟೀಚರ್" ಎಂದಳು. ಒಂದು ಆಟ ಇನ್ನೊಂದಕ್ಕೆ ಅನ್ನ ಹಾಕುತ್ತಿತ್ತು. ಇದು ಆಟ ಬಾರದ ನನಗೇ ಅರ್ಥವಾಯಿತು.

ನಿಮಗೆ ಅರ್ಥವಾಗಿರಲಿಲ್ಲ ಎನ್ನಲಾರೆ. ಕ್ರೀಡಾಕೂಟದ ಉದ್ಘಾಟನೆಯಲ್ಲಿ ನೀವು ಮಾಡಿದ ಭಾಷಣವನ್ನು ನಾನು ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೇನೆ. ಹಿಂದೆ ಮದ್ರಾಸಿನ ಒಬ್ಬರು ದೇಶಕ್ಕಾಗಿ ಹಾಕಿಯನ್ನೂ ಕ್ರಿಕೆಟ್ಟನ್ನೂ ಆಡಿದ್ದರು ಎಂದಿರಿ. ಆಸ್ಟ್ರೇಲಿಯಾದ ಹೆಣ್ಣುಮಗಳೊಬ್ಬಳು ಕ್ರಿಕೆಟ್ ಮತ್ತು ಫುಟ್‌ಬಾಲ್ ಎರಡರ ವಿಶ್ವಕಪ್ಪಿನಲ್ಲೂ ಆಡಿದ್ದನ್ನು ಹೇಳಿದಿರಿ. ನಮ್ಮ ದೇಶದ ಸ್ಪಿನ್ ಬೌಲರ್ ಒಬ್ಬ ಚದುರಂಗದಲ್ಲೂ ದೇಶದ ಪರವಾಗಿ ಕೂತಿದ್ದ ಕತೆ ಹೇಳಿ, "ಇಂಥವರು ನಮ್ಮ ಜಿಲ್ಲೆಯಲ್ಲಿ ಯಾವಾಗ ಹುಟ್ಟುತ್ತಾರೆ?" ಎಂದು ಗದ್ಗದಿತರಾದಿರಿ. ನಾವು ಚಪ್ಪಾಳೆ ತಟ್ಟಿದೆವು. ಹುಟ್ಟಿದವಳು ನಿಮ್ಮೆದುರಿಗೇ ಬಿಸಿಲಿನಲ್ಲಿ ಸಾಲು ನಿಂತಿದ್ದಳು. ಮದ್ರಾಸು, ಆಸ್ಟ್ರೇಲಿಯಾಗಳಲ್ಲಿ ಹುಟ್ಟಿದರೆ ಮಾತ್ರ ಅದು ಪ್ರತಿಭೆಯೇ? ಪಟ್ಟಣದ ಮಗು ಬೆಳಿಗ್ಗೆ ಈಜಿ, ಸಂಜೆ ಬ್ಯಾಡ್ಮಿಂಟನ್ ಆಡಿ, ಭಾನುವಾರ ಕರಾಟೆಗೆ ಹೋದರೆ ಬಹುಮುಖ ಪ್ರತಿಭೆ ಎನ್ನುತ್ತೀರಿ. ಹಟ್ಟಿಯ ಹುಡುಗಿ ಎರಡು ಆಟ ಆಡಿದರೆ ದುರಾಸೆ ಎನ್ನುತ್ತೀರಿ.

ಮುಂದಿನ ವಾರವೇ ನಿಮ್ಮ ಕೋಣೆಗೆ ನಮ್ಮನ್ನು ಕರೆಸಿದಿರಿ. ಆಕೆಯ ಅಪ್ಪ ಕಾಟಪ್ಪ ಹೆಗಲ ಮೇಲೆ ಕಂಬಳಿ ಹೊದ್ದು ಬಂದಿದ್ದ. ನೀವು ಕೊಟ್ಟಿದ್ದ ಎರಡು ತಂಡಗಳ ಅಂಗಿಗಳೂ ಮಗಳ ಕೈಯಲ್ಲಿದ್ದವು. ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ನೀವು ಶುರು ಮಾಡಿದಿರಿ. ನಮ್ಮ ಬಯಲಲ್ಲಿ ದೋಣಿ ಕಂಡವರಾರು ಸ್ವಾಮಿ? ಹಾಗಾಗಿ ಕಾಟಪ್ಪನಿಗೆ ಅದು ತಲೆಗೆ ಹೋಗಲಿಲ್ಲ. ಆಗ ನೀವು ಅವನಿಗೆ ಅರ್ಥವಾಗುವ ಮಾತು ಆಡಿದಿರಿ. "ಒಂದು ಮಗು ಎರಡು ಜಾಗ ಹಿಡಿದರೆ, ಇನ್ನೊಬ್ಬರ ಜಾಗ ಕಿತ್ತುಕೊಂಡ ಹಾಗಲ್ಲವೇನಪ್ಪ?"

ಕಾಟಪ್ಪನ ಮುಖ ಕಪ್ಪಿಟ್ಟಿತು. "ಅಂಗಾರೆ ನಮ್ಮುಡುಗಿ ಇನ್ನೊಬ್ರುದು ತಗಂಡೈತಾ ಸ್ವಾಮಿ?" ಎಂದು ಕೇಳಿದ. ನೀವು ಮೊಬೈಲಿನಿಂದ ತಲೆ ಎತ್ತದೆ, "ಹಾಗೇ ಅಂದ್ಕೊ" ಎಂದಿರಿ.

ಅವನು ಮಗಳ ಕೈಯಿಂದ ಎರಡೂ ಅಂಗಿಗಳನ್ನು ತೆಗೆದು ನಿಮ್ಮ ಮೇಜಿನ ಮೇಲಿಟ್ಟ. "ಬ್ಯಾಡ ಸ್ವಾಮಿ. ಅಂಥಾದ್ದು ನಮ್ಮ ಹಟ್ಟ್ಯಾಗೆ ಇರಬಾರ್ದು" ಎಂದು ಕೈಮುಗಿದು ಹೊರನಡೆದ. ಮೇಘಶ್ರೀ ನನ್ನ ಮುಖ ನೋಡಿ ಅಪ್ಪನ ಹಿಂದೆ ಹೋದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು, "ನೋಡಿ ಮೇಡಂ, ಎಂಥ ತಿಳಿವಳಿಕಸ್ಥ" ಎಂದು ಮುಂದಿನವರನ್ನು ಕರೆದಿರಿ.

ತಿಳಿವಳಿಕೆಯಲ್ಲ ಸ್ವಾಮಿ, ಅದು ಮರ್ಯಾದೆಯ ಪ್ರಶ್ನೆ. ಆ ಹಟ್ಟಿಯಲ್ಲಿ ಒಂದೊಂದು ಮನೆಯವರೂ ತಮ್ಮ ಕುರಿಗಳ ಕಿವಿಯಂಚು ಕತ್ತರಿಸಿ ತಮ್ಮದೇ ಗುರುತು ಮಾಡುತ್ತಾರೆ. ಒಂದು ಕುರಿಗೆ ಒಂದೇ ಗುರುತು. ಎರಡು ಗುರುತಿನ ಕುರಿ ಮಂದೆಯಲ್ಲಿ ಕಂಡರೆ ಅದು ಕದ್ದದ್ದು ಎಂದು ಅನುಮಾನ. ಯಾರದೆಂದು ತೀರ್ಮಾನವಾಗುವ ತನಕ ಅದನ್ನು ಯಾರೂ ತಮ್ಮ ದೊಡ್ಡಿಗೆ ಸೇರಿಸಿಕೊಳ್ಳುವಂತಿಲ್ಲ. ಕಾಟಪ್ಪ ಒಂದು ಅಂಗಿ ಇಟ್ಟುಕೊಂಡು ಇನ್ನೊಂದನ್ನು ಏಕೆ ಕೊಡಲಿಲ್ಲವೆಂದು ಈಗಲಾದರೂ ತಿಳಿಯಿತೇ? ಯಾವ ಜಾಗ ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಎರಡನ್ನೂ ಬಿಟ್ಟ. ನಿಮ್ಮ ಉಡಾಫೆಯ ಮಾತನ್ನು ಈ ಜಿಲ್ಲೆಯಲ್ಲಿ ಅಕ್ಷರಶಃ ನಂಬಿದವನು ಅವನೊಬ್ಬನೇ ಇರಬೇಕು.

ಒಬ್ಬರಿಗೆ ಒಂದೇ ಆಟ ಎಂಬ ನಿಯಮ ಎಲ್ಲಿದೆ ಎಂದು ನಾನು ಮರುದಿನ ಬಂದು ಕೇಳಿದೆ. "ನಿಯಮ ಅಂತೇನಿಲ್ಲ, ಪದ್ಧತಿ" ಎಂದರು ನಿಮ್ಮ ಸಿಬ್ಬಂದಿ. ಎರಡೂ ತಂಡಗಳ ತರಬೇತುದಾರರು ಅಭ್ಯಾಸದ ಹೊತ್ತನ್ನು ಹೊಂದಿಸಿಕೊಳ್ಳಲು ಒಪ್ಪಿದ್ದರು. ಪಂದ್ಯದ ದಿನಗಳೂ ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಹಾಗಿದ್ದರೆ ತೊಂದರೆ ಯಾರಿಗಿತ್ತು? ಒಂದೇ ಹೆಸರನ್ನು ಎರಡು ಕಡೆ ಬರೆಯುವ ಶ್ರಮ ನಿಮಗೆ ಅಷ್ಟೊಂದು ಭಾರವಾಯಿತೇ?

ಹೋದ ಭಾನುವಾರ ಹಟ್ಟಿಗೆ ಹೋಗಿದ್ದೆ. ನಿಮ್ಮ ಮಗಳು ಯಾರದ್ದೂ ಕಿತ್ತುಕೊಂಡಿಲ್ಲ, ಅಧ್ಯಕ್ಷರು ಬಾಯಿಗೆ ಬಂದಂತೆ ಮಾತಾಡಿದ್ದಾರೆ ಎಂದು ಬಿಡಿಸಿ ಹೇಳಿದೆ. ಕಾಟಪ್ಪ ಪೂರ್ತಿ ಕೇಳಿಸಿಕೊಂಡ. ಅವನ ಹೆಂಡತಿ ಬೊಮ್ಮಕ್ಕ ಮಜ್ಜಿಗೆ ಕೊಟ್ಟಳು. "ಕುಡೀರಿ ಟೀಚರಮ್ಮ" ಎಂದ ಕಾಟಪ್ಪ. "ನೀವು ನಮ್ಮ ಕಡೇರು, ನಮ್ಮುಡುಗೀನ ಕಂಡ್ರೆ ನಿಮಗೆ ಪ್ರೀತಿ. ಅದುಕ್ಕೇ ನಿಮ್ಮ ಮಾತು ಸಾಕ್ಷಿಗೆ ಬರಲ್ಲ. ಗುರ್ತು ಹಾಕ್ದೋರೇ ಬಂದು ಹೇಳ್ಬೇಕು." ಅದೇ ಅವರ ಪದ್ಧತಿ. ಮೊದಲ ಗುರುತು ಹಾಕಿದವನು ಹಟ್ಟಿಗೆ ಬಂದು, "ಈ ಕುರಿ ನಮ್ಮದಿತ್ತು, ನಾವೇ ಕೊಟ್ಟಿದ್ದು" ಎಂದು ಎಲ್ಲರೆದುರು ಹೇಳಿದರೆ ಅನುಮಾನ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಪದ್ಧತಿಗಿಂತ ಇದು ವಾಸಿ, ಇದರಲ್ಲಿ ಬಿಡುಗಡೆಗೆ ಒಂದು ದಾರಿಯಿದೆ.

ಮೇಘಶ್ರೀ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದಳು. ಹಾದಿಯಲ್ಲಿ ಹುಡುಗರ ಗುಂಪು ಕ್ರಿಕೆಟ್ ಆಡುತ್ತಿತ್ತು, ಚೆಂಡು ಉರುಳಿ ಆಕೆಯ ಕಾಲ ಬಳಿ ಬಂದು ನಿಂತಿತು. ಆಕೆ ಅದನ್ನು ಮುಟ್ಟಲಿಲ್ಲ, ಪಕ್ಕಕ್ಕೆ ಸರಿದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಟೀಚರ್, ನಾನು ಯಾರ ಜಾಗ ತಗಂಡಿದ್ದೆ? ಹೆಸ್ರು ಹೇಳಿದ್ರೆ ಅವ್ರ ಮನೀಗೆ ಹೋಗಿ ತಪ್ಪಾತು ಅಂತ ಹೇಳಿ ಬತ್ತೀನಿ." ಇಷ್ಟು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಸಂಬಳ ತೆಗೆದುಕೊಂಡವಳು ನಾನು. ಅವತ್ತು ಬಸ್ಸು ಬಂದದ್ದರಿಂದ ಬಚಾವಾದೆ.

ಮಾನ್ಯರೇ, ನನಗೆ ಹಿಂಬರಹ ಬೇಡ, ವಿಚಾರಣಾ ಸಮಿತಿ ಬೇಡ. ನೀವು ಹಟ್ಟಿಗೆ ಬನ್ನಿ. ಜೀಪು ಹೋಗುವ ದಾರಿಯಿದೆ. ನಿಮ್ಮ ಮೇಜಿನ ಮೇಲೆ ಬಿಟ್ಟು ಬಂದ ಎರಡೂ ಅಂಗಿಗಳನ್ನು ಜೊತೆಗೆ ತನ್ನಿ. ಕಾಟಪ್ಪನ ಮುಖ ನೋಡಿ, ಹಟ್ಟಿಯ ಹಿರಿಯರ ಎದುರು ಹೇಳಿ: "ಈ ಎರಡು ಗುರುತನ್ನೂ ಹಾಕಿದವನು ನಾನೇ. ಹುಡುಗಿ ಏನನ್ನೂ ಕದ್ದಿಲ್ಲ." ಅಷ್ಟು ಸಾಕು. ಭಾಷಣ ಬೇಡ, ಹಾರ ಬೇಕಾದರೆ ನಾನೇ ತರುತ್ತೇನೆ.

ಬರಲು ಬಿಡುವಿಲ್ಲವೆಂದಾದರೆ, ಆಕೆ ಯಾರ ಜಾಗ ಕಿತ್ತುಕೊಂಡಳೋ ಆ ಮಗುವಿನ ಹೆಸರನ್ನಾದರೂ ತಿಳಿಸಿ. ಹುಡುಗಿ ಕ್ಷಮೆ ಕೇಳಲು ಕಾಯುತ್ತಿದ್ದಾಳೆ.

ಇಂತಿ,
ಸಾಕ್ಷಿಗೆ ಬಾರದ ಲೆಕ್ಕದ ಟೀಚರು,
ಯಶೋಧಾ
(ನಿವೃತ್ತೆ, ಸೀಟಿ ಇನ್ನೂ ಕೊರಳಲ್ಲೇ ಇದೆ)