ಹಿಂದಿನ ಸಾಲಿನ ಪ್ಯಾಕೆಟ್ಟುಗಳು

ಅಂಗಡಿಯ ಗಲ್ಲಾ ಮೇಜಿನಿಂದ,
ಒಂದನೇ ತಾರೀಖು, ಸೋಮವಾರ ಮಧ್ಯಾಹ್ನ

ನಮ್ಮ ಮನೆಯವರಿಗೆ,

ಪ್ರೀತಿಯ ನಮಸ್ಕಾರಗಳು. ಗಂಟಲು ಹೇಗಿದೆ? ನುಂಗುವಾಗಿನ ನೋವು ಸ್ವಲ್ಪವಾದರೂ ಇಳಿಯಿತೇ? ಹಾಲನ್ನು ಸುಡುಸುಡು ಕುಡಿಯುವ ಹಟ ಬಿಟ್ಟಿದ್ದೀರಿ ತಾನೇ? ನೀವು ಮಾತಾಡಬಾರದೆಂದು ಡಾಕ್ಟರು ಹೇಳಿರುವುದರಿಂದ ಫೋನು ಮಾಡದೆ ಈ ಕಾಗದ ಬರೆಯುತ್ತಿದ್ದೇನೆ, ಸಂಜೆ ನಿಮ್ಮ ತಮ್ಮ ತಂದುಕೊಡುತ್ತಾನೆ. ನಾನು ಹೇಳುವುದನ್ನು ನೀವು ನಡುವೆ ಬಾಯಿ ಹಾಕದೆ ಕೇಳುವುದು ಮದುವೆಯಾದ ಮೇಲೆ ಇದೇ ಮೊದಲು. ಗುರುವಾರದ ಆಪರೇಷನ್ನಿಗೆ ಮಗಳೂ ರಜೆ ಹಾಕಿದ್ದಾಳೆ.

ಇವತ್ತಿನಿಂದ ಹೊಗೆಸೊಪ್ಪಿನ ಮಾಲಿಗೆಲ್ಲ ತೆರಿಗೆ ಏರಿತಲ್ಲ. ಹಳೆಯ ತೆರಿಗೆಯಲ್ಲಿ ಕೊಂಡದ್ದನ್ನು ಹೊಸ ಬೆಲೆಗೆ ಮಾರಿ ಯಾರೂ ಲಾಭ ಹೊಡೆಯಬಾರದೆಂದು, ಬಾಗಿಲು ತೆರೆಯುವ ಮುಂಚೆ ದಾಸ್ತಾನು ಎಣಿಸಿ ಹೆಚ್ಚಿನ ತೆರಿಗೆ ಕಟ್ಟಬೇಕೆಂದು ಆದೇಶ ಬಂದಿತ್ತು. ಆಸ್ಪತ್ರೆಗೆ ಹೊರಡುವಾಗ ಇದನ್ನೇ ನೆನೆದು ನೀವು ಪಿಸುಗುಟ್ಟಿದ್ದಿರಿ: "ಪೆಟ್ಟಿಗೆ ಎಣಿಸಿದ್ರೆ ಸಾಕು, ಹಿಂದಿನ ಸಾಲಿಗೆ ಕೈ ಹಾಕ್ಬೇಡ." ಬಟ್ಟೆಯ ಚೀಲವನ್ನೂ ನನ್ನ ಕೈಗೆ ಕೊಡದೆ ನೀವೇ ಹೊತ್ತುಕೊಂಡಿರಿ. ಇನ್ನೂ ಕಸುವಿದೆಯಲ್ಲ ಎಂದು ನಾನು ಪೆದ್ದಿಯ ಹಾಗೆ ಖುಷಿಪಟ್ಟೆ.

ನಿಮ್ಮ ಮಾತನ್ನು ನಾನು ಯಾವತ್ತು ಕೇಳಿದ್ದೇನೆ? ಒಡೆದ ಪೆಟ್ಟಿಗೆಯಾದರೆ ಒಳಗಿನ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಎಣಿಸಬೇಕೆಂದು ಆದೇಶದಲ್ಲೇ ಇತ್ತು. ಚುಟ್ಟಾ, ನಶ್ಯ, ಪೈಪಿನ ಹೊಗೆಸೊಪ್ಪು ಎಲ್ಲ ಸರಿಯಾಗಿ ಸಿಕ್ಕಿತು. ಸಿಗರೇಟಿನ ಕಪಾಟಿಗೆ ಏಣಿ ಹಾಕಿ ಹತ್ತಿದೆ. ಮುಂದಿನ ಸಾಲು ಗಟ್ಟಿ, ಹಿಂದಿನ ಸಾಲಿನದು ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಮುಚ್ಚಳ ನೀಟಾಗಿ ಮುಚ್ಚಿದೆ, ಒಳಗೆ ಸಿಗರೇಟಿನ ಬದಲು ಮಡಚಿ ತುರುಕಿದ ಪೇಪರು. ಒಂದಾದ ಮೇಲೊಂದು ತೆಗೆಯುತ್ತ ಹೋದೆ, ಎಲ್ಲವೂ ಹಾಗೆಯೇ.

ನಿಮ್ಮ ತಮ್ಮ ಹಿಂದೆಮುಂದೆ ನೋಡದೆ ನಮ್ಮ ಹಳೆಯ ಆಳು ಗುಮ್ಮಣ್ಣನ ಕೊರಳಪಟ್ಟಿ ಹಿಡಿದ. ಉಗ್ರಾಣದ ಬೀಗದಕೈ ಇರುವುದು ಅವನ ಹತ್ತಿರವಲ್ಲವೇ. ಗುಮ್ಮಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ. ನಾನು ಏಣಿಯ ಮೇಲೆಯೇ ಒಂದು ಪೇಪರು ಬಿಡಿಸಿದೆ. ಅರ್ಧ ತುಂಬಿದ ಪದಬಂಧ, ನಿಮ್ಮ ಹಸಿರು ಶಾಯಿ, ನಿಮ್ಮ ಕೋಳಿಕಾಲಿನ ಅಕ್ಷರ. ಹಾಳೆ ಮಗುಚಿದರೆ ಈ ತೆರಿಗೆ ಏರಿಸುವ ಸುದ್ದಿ! ಅದು ಬಂದದ್ದು ಕಳೆದ ತಿಂಗಳು, ನಿಮ್ಮ ಗಂಟಲಿನ ಗಡ್ಡೆ ಏನೆಂದು ಗೊತ್ತಾದ ಮೇಲೆ. ಸಿಗರೇಟು ಬಿಟ್ಟು ಎರಡು ವರ್ಷವಾಯಿತೆಂದು ಮಗಳೆದುರು ಆಣೆ ಹಾಕಿದ್ದಿರಿ. ಡಾಕ್ಟರಿಗೂ ಅದನ್ನೇ ಹೇಳಿದಿರಿ, ಪಕ್ಕದಲ್ಲಿ ಕೂತು ನಾನು ಹೌದೆಂದು ತಲೆಯಾಡಿಸಿದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆಮೇಲೆ ಗುಮ್ಮಣ್ಣ ಮೆಲ್ಲಗೆ ಹೇಳಿದ: "ಅಕ್ಕಾ, ನಿಮ್ಗೆ ಗೊತ್ತಾದ್ರೆ ಎದೆ ಒಡ್ಕೋತೀರಿ, ಹೇಳ್ಬೇಡ ಅಂದಿದ್ರು ಯಜಮಾನ್ರು." ನಿಮ್ಮ ತಮ್ಮನಿಂದ ಅವನ ಕ್ಷಮೆ ಕೇಳಿಸಿದ್ದೇನೆ. ನಿಮ್ಮ ಪಾಲಿನದು ಬಾಕಿ ಇದೆ.

ಹತ್ತು ಗಂಟೆಗೆ ತೆರಿಗೆಯ ಅಧಿಕಾರಿ ಬಂದರು. ಖಾಲಿ ಪ್ಯಾಕೆಟ್ಟಿಗೆ ತೆರಿಗೆ ಇಲ್ಲವಂತೆ, ಆದರೆ ಮಾಲು ಎಲ್ಲಿ ಹೋಯಿತೆಂದು ಹೇಳಲೇಬೇಕಂತೆ. ಇಲ್ಲದಿದ್ದರೆ ಕಳ್ಳವ್ಯಾಪಾರದ ಅನುಮಾನ ಬರುತ್ತದಂತೆ. ಕಳುವಾಯಿತೆಂದು ಬರೆಸೋಣವೆಂದು ನಿಮ್ಮ ತಮ್ಮ ಸನ್ನೆ ಮಾಡಿದ. ಹಾಗೆ ಬರೆಸಿದರೆ ಕಳ್ಳನೊಬ್ಬ ಬೇಕಲ್ಲ, ಕೊನೆಗೆ ಗುಮ್ಮಣ್ಣನ ತಲೆಗೇ ಬರುತ್ತಿತ್ತು. ನಮ್ಮ ಯಜಮಾನರು ಸೇದಿದ್ದು ಎಂದೆ. ಅಧಿಕಾರಿ ನನ್ನ ಮುಖ ನೋಡಿ 'ಸ್ವಂತ ಬಳಕೆ' ಎಂದು ಬರೆದುಕೊಂಡರು. ಎಷ್ಟು ಮರ್ಯಾದೆಯ ಮಾತು ನೋಡಿ! ನಾನು ಸಹಿ ಹಾಕಿದೆ. ನಾಚಿಕೆಯಾಗಲಿಲ್ಲ, ಹೆದರಿಕೆಯಾಯಿತು. ನಿಮ್ಮ ಮೇಲೆ ಕೆಟ್ಟ ಸಿಟ್ಟೂ ಇದೆ.

ಗುಮ್ಮಣ್ಣ ನಮಸ್ಕಾರ ತಿಳಿಸಿದ್ದಾನೆ. ಮಗಳಿಗೆ ಇನ್ನೂ ಏನೂ ಹೇಳಿಲ್ಲ. ದೇವರು ನಿಮ್ಮನ್ನು ಕಾಯಲಿ, ನಾನೂ ಕಾಯುತ್ತೇನೆ.

ಇತಿ,
ನಿಮ್ಮವಳು

ಮರೆಯುವ ಮುಂಚೆ: ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಗುರುವಾರದ ಆಪರೇಷನ್ ಇಲ್ಲ. ಸೇದುತ್ತಲೇ ಬಂದ ಮೈಯಲ್ಲಿ ಗಾಯ ಕೂಡುವುದು ಕಷ್ಟವಂತೆ. ಇನ್ನು ಮೂರು ವಾರ ಒಂದನ್ನೂ ಸೇದದಿದ್ದರೆ ಮಾಡುತ್ತಾರಂತೆ, ಗಡ್ಡೆ ಅಲ್ಲಿಯವರೆಗೆ ಸುಮ್ಮನಿರುತ್ತದೆಂದು ಮಾತ್ರ ಹೇಳಲಾರರಂತೆ. ನನ್ನ ಮೇಲೆ ಸಿಟ್ಟಾಗಿ, ಸಿಟ್ಟಾಗುವುದಕ್ಕಾದರೂ ಬದುಕಿ. ಖಾಲಿಯವನ್ನೆಲ್ಲ ಸೇರಿಸಿದರೂ ದಾಸ್ತಾನಿನಲ್ಲಿ ಇನ್ನೂ ಒಂದು ಪ್ಯಾಕೆಟ್ಟು ಸಿಗುತ್ತಿಲ್ಲ. ನಿಮ್ಮ ತಮ್ಮ ಮಂಚದ ಪಕ್ಕದಲ್ಲೇ ನಿಂತಿರುತ್ತಾನೆ. ಬಟ್ಟೆಯ ಚೀಲದಿಂದ ಅದನ್ನು ತೆಗೆದು ಅವನ ಕೈಗೆ ಕೊಡಿ.