ಈ ಸಲದ ಫಾರ್ಮ್

ಕರೋಲ್ ಬಾಗ್, ದೆಹಲಿ
11 ಜನವರಿ 2026, ಭಾನುವಾರ

ಪ್ರೀತಿಯ ಅಮಿತಾ,

ಹೇಗಿದ್ದೀಯ ಮಗಳೇ? ನಾವಿಬ್ಬರೂ ಚೆನ್ನಾಗಿದ್ದೇವೆ. "ಪರೀಕ್ಷೆಯಲ್ಲಿ ಭಾಷೆಗೆ ಕನ್ನಡ ತಗೊಂಡ್ರೆ ಓದೋ ಪ್ರಾಕ್ಟೀಸ್ ಬೇಕು, ಲೆಟರ್ ಬರೀರಿ ನಾ" ಎಂದು ನೀನು ಹೇಳಿ ಹದಿನೈದು ದಿನವಾಯಿತು. ತಡವಾಯಿತು, ಬೇಸರಿಸಬೇಡ. ಹೋಟೆಲಿನಲ್ಲಿ ಕೆಲಸ ಜಾಸ್ತಿ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಈ ಚಳಿಗೆ ಹತ್ತು ಗಂಟೆಯವರೆಗೆ ಒಬ್ಬ ಗಿರಾಕಿಯೂ ಬರುವುದಿಲ್ಲ.

ಅಮ್ಮ ಇವತ್ತು ಚಟ್ನಿಪುಡಿಯ ಜೊತೆ ಇದನ್ನೂ ತರುತ್ತಾಳೆ. ಲಕ್ಷ್ಮೀ ನಗರದ ನಿನ್ನ ರೂಮಿಗೆ ಬಿಸಿಲೇ ಬರುವುದಿಲ್ಲ ಎಂದು ಅವಳಿಗೆ ದಿನಾ ಕೊರಗು. ಜೊತೆಗಿರುವ ಮಾನ್ಯಾಳಿಗೂ ಪುಡಿ ಕೊಡು, ಡಬ್ಬಿ ಬಚ್ಚಿಡಬೇಡ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಪಪ್ಪಾ, ಎಂಜಿನಿಯರಿಂಗಿಗೆ ಮತ್ತೆ ಜೆಇಇ ಬರೀಲಾ, ಬಿ.ಎ.ಗೆ ಸಿಯುಇಟಿ ಬರೀಲಾ? ದೋನೋಂ ನಹೀ ಹೋಗಾ, ಎರಡೂ ಒಟ್ಟಿಗೆ ಆಗಲ್ಲ. ಲಾಸ್ಟ್ ಟೈಮ್ ನಾನೇ ಕೆಡಿಸ್ಕೊಂಡೆ, ಈ ಸಲ ನೀವೇ ಡಿಸೈಡ್ ಮಾಡಿ" ಎಂದೆ. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. "ಓದೋದು ಅವಳು, ನೀವ್ಯಾಕೆ ಮುಖ ಸಣ್ಣ ಮಾಡ್ಕೊಂಡು ಓಡಾಡ್ತೀರಿ?" ಎಂದು ಅಮ್ಮ ಕೇಳಿದಳು.

ನಿನಗೆ ಒಂಬತ್ತು ವರ್ಷವಿದ್ದಾಗ, ನನ್ನ ರಜೆಯ ದಿನ, ನನ್ನನ್ನು ಪುರಾನಾ ಕಿಲಾಗೆ ಎಳೆದುಕೊಂಡು ಹೋಗಿದ್ದೆಯಲ್ಲ. ಯಾವ ರಾಜ ಯಾವ ಗೋಡೆ ಕಟ್ಟಿಸಿದ ಎಂದು ನೀನು ಹೇಳುತ್ತಲೇ ಇದ್ದೆ, ನಾನು ಹುಲ್ಲಿನ ಮೇಲೆ ಗೊರಕೆ ಹೊಡೆದೆ. "ಪಪ್ಪಾ, ಸುನೋ ನಾ, ಕೇಳಿ" ಎಂದು ನೀನು ನನ್ನ ಕಿವಿ ಹಿಂಡಿದೆ. ಗಣಿತದ ಪುಸ್ತಕ ಹಿಡಿದಾಗ ಆ ಉತ್ಸಾಹವನ್ನು ನಿನ್ನ ಮುಖದಲ್ಲಿ ಒಮ್ಮೆಯೂ ಕಂಡಿಲ್ಲ. ಗೊತ್ತಿದ್ದೂ, ಬಂದ ಗಿರಾಕಿಗಳಿಗೆಲ್ಲ ಮಗಳು ಎಂಜಿನಿಯರ್ ಆಗುತ್ತಾಳೆ ಎಂದು ಡಂಗುರ ಸಾರಿದೆ. ಬಿ.ಎ. ಮಾಡಿದ ನಾನು ಈ ಗಲ್ಲಾದಲ್ಲಿ ಕೂತೆ, ನೀನೂ ಇಲ್ಲಿಗೇ ಬಂದುಬಿಡುತ್ತೀಯ ಎಂಬ ಹೆದರಿಕೆ ನನಗೆ.

ಸಿಯುಇಟಿ ಬರಿ. ಇತಿಹಾಸವನ್ನೇ ಓದು. ಜೆಇಇ ಪುಸ್ತಕಗಳನ್ನು ಅಮ್ಮನ ಕೈಯಲ್ಲಿ ಕಳಿಸಿಬಿಡು. ಕನ್ನಡ ದಿನಾ ಎರಡು ಪುಟ ಗಟ್ಟಿಯಾಗಿ ಓದು, ಅವಸರ ಮಾಡಬೇಡ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪಪ್ಪಾ,
ಕರುಣಾಕರ

ತಾ.ಕ.: ಹದಿನೈದು ದಿನ ತಡವಾದದ್ದು ಇದನ್ನು ಬರೆಯಲಾಗದೆ. ಕಳೆದ ಮಾರ್ಚಿನಲ್ಲಿ ನಿನ್ನ ಸಿಯುಇಟಿ ಫಾರ್ಮ್ ತಪ್ಪಿದ್ದು ನೀನು ಕೊನೆಯ ದಿನದವರೆಗೆ ಕಾದದ್ದರಿಂದ ಅಲ್ಲ. ಅದರಲ್ಲಿ ನೀನು ನನ್ನ ಫೋನ್ ನಂಬರ್ ಹಾಕಿದ್ದೆ. ಮನೆಯಿಂದ ಫೋನ್ ಮಾಡಿ "ಪಪ್ಪಾ, ಒಟಿಪಿ ಆಯಾ?" ಎಂದು ಮೂರು ಸಲ ಕೇಳಿದೆ. "ಇನ್ನೂ ಬಂದಿಲ್ಲಮ್ಮ" ಎಂದೆ. ಮೂರು ಸಲವೂ ಬಂದಿತ್ತು. ಮನೆಗೆ ಬಂದು, ತಡ ಮಾಡಿದೆ ಎಂದು ನಿನ್ನನ್ನೇ ಬೈದೆ. ನೀನು "ಸಾರಿ ಪಪ್ಪಾ" ಎಂದೆ. ಬರೀ ಜೆಇಇ ಬರೆದೆ, ಅದೂ ಕೈಕೊಟ್ಟಿತು. ನಿನ್ನ ಒಂದು ವರ್ಷ ಕೆಡಿಸಿದವನು ನಾನು. ಅಮ್ಮನಿಗೆ ಹೇಳಿಲ್ಲ, ಲಕೋಟೆ ಅಂಟಿಸಿಯೇ ಅವಳ ಕೈಗೆ ಕೊಡುತ್ತೇನೆ. ಕ್ಷಮಿಸು ಎನ್ನಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಈ ಸಲದ ಫಾರ್ಮಿಗೆ ನಿನ್ನ ನಂಬರನ್ನೇ ಹಾಕು.